ಆ ಕೂಗಿಲ್ಲದ ಹಾಡು

ಹೋದ ತಿಂಗಳು ಒಂದು ರಾತ್ರಿ ಒಗೆದ ಬಟ್ಟೆ ಮಡಚುತ್ತ ಕೂತಿದ್ದೆ. ಫೋನಿನಲ್ಲಿ ಯಾವುದೋ ಹಾಡು ಮುಗಿದು ಅದರ ಬೆನ್ನಿಗೇ ಇನ್ನೊಂದು ತಾನಾಗಿ ಶುರುವಾಯಿತು. ಪಿಟೀಲಿನ ಎರಡು ಎಳೆತ ಕೇಳುವಷ್ಟರಲ್ಲಿ ಯಾವ ಹಾಡೆಂದು ಗೊತ್ತಾಗಿ ಮೈ ಜುಮ್ಮೆಂದಿತು. ಹುಡುಗನಾಗಿದ್ದಾಗ ಅದನ್ನು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಆಮೇಲೆ ಸುಮಾರು ಮೂವತ್ತು ವರ್ಷ ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ಈಗ ಬಂದ ಹಾಡು ತೊಳೆದಿಟ್ಟಷ್ಟು ಚೊಕ್ಕವಾಗಿತ್ತು. ನನಗೆ ಹಿಂದೆ ಎಂದೂ ಕೇಳಿಸದಿದ್ದ ತಂಬೂರಿಯ ಶ್ರುತಿ ಕೇಳಿಸಿತು, ಸಾಲು ಸಾಲಿನ ನಡುವೆ ಗಾಯಕಿ ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಎರಡನೆಯ ಚರಣ ಮುಗಿಯಿತು. ನನ್ನ ಕೈ ಅಲ್ಲೇ ನಿಂತಿತು. ಕಿವಿ ಏನನ್ನೋ ಕಾಯುತ್ತಿತ್ತು. ಅದು ಬರಲಿಲ್ಲ. ಹಾಡು ತನ್ನ ಪಾಡಿಗೆ ಪಲ್ಲವಿಗೆ ಮರಳಿ, ಮುಗಿದೂ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು, ನಾನು ಕಾಯುತ್ತಿದ್ದುದು ಅಮ್ಮನ ಕೂಗನ್ನು. ಎರಡನೆಯ ಚರಣದ ಕೊನೆಯ ಸಾಲಿಗೆ ತಗುಲಿಕೊಂಡಂತೆ ಒಳಮನೆಯಿಂದ ಅಮ್ಮ ‘ಪುಟ್ಟಾ...’ ಎಂದು ಕರೆಯುತ್ತಾಳೆ, ಆಮೇಲೆ ಪಲ್ಲವಿ ಬರುತ್ತದೆ. ನನ್ನ ಪಾಲಿಗೆ ಆ ಹಾಡು ಇರುವುದೇ ಹಾಗೆ. ಬರೆದವರಿಗೆ, ರಾಗ ಹಾಕಿದವರಿಗೆ, ಹಾಡಿದವರಿಗೆ, ಯಾರಿಗೂ ಗೊತ್ತಿಲ್ಲದ ಆ ಕೂಗು ನಮ್ಮ ಮನೆಯ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ ಇತ್ತು. ಫೋನಿನಲ್ಲಿ ಬಂದದ್ದೇ ಅಸಲು ಹಾಡು ಎಂದು ಗೊತ್ತಿದ್ದೂ ನನಗೆ ಅದರಲ್ಲಿ ಏನೋ ಕಿತ್ತುಹೋಗಿದೆ ಅನಿಸಿತು. ಅಮ್ಮ ಹೋಗಿ ಎಂಟು ವರ್ಷವಾಯಿತು. ಅವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇಂಥ ಹಾಡು ನನ್ನ ಬಾಲ್ಯದ್ದು, ಇಂಥದ್ದು ನನ್ನ ಕಾಲೇಜಿನದ್ದು ಅಂತೆಲ್ಲ ಹೇಳುತ್ತೇವಲ್ಲ, ಹಾಗೆ ನಮ್ಮದಾಗುವುದು ಏನು? ಹಾಡೋ, ಅದನ್ನು ಕೇಳಿದ ಹೊತ್ತೋ?

ಅದು ಯಾವ ಹಾಡೆಂದು ಇಲ್ಲಿ ಬರೆಯುವುದಿಲ್ಲ. ಬರೆದ ಕೂಡಲೇ ಓದುವವರ ಮನಸ್ಸಿನಲ್ಲಿ ಅವರವರ ಹಾಡು, ಅವರವರ ಮನೆ ಎದ್ದು ನಿಲ್ಲುತ್ತದೆ, ನನ್ನದು ಅದರಡಿ ಮುಚ್ಚಿಹೋಗುತ್ತದೆ. ಅದೇನೂ ತಪ್ಪಲ್ಲ. ಆದರೆ ಇವತ್ತು ನನಗೆ ಅಮ್ಮನ ಕೂಗಿನ ಬಗ್ಗೆ ಬರೆಯಬೇಕು.

ಎರಡು ಗುಂಡಿ

ಆಗ ಬೇಕಾದ ಹಾಡನ್ನು ಇಟ್ಟುಕೊಳ್ಳಲು ನಮಗಿದ್ದ ದಾರಿ ಒಂದೇ. ರೇಡಿಯೋ ಎದುರು ಟೇಪ್ ರೆಕಾರ್ಡರ್ ಇಟ್ಟು, ಆ ಹಾಡು ಬರುವವರೆಗೆ ಕಾಯುವುದು. ಯಾವತ್ತು ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಪ್ಲೇ ಮತ್ತು ರೆಕಾರ್ಡ್ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಬೇಗ ಒತ್ತಿದರೆ ಉದ್ಘೋಷಕರ ಮಾತು ಸೇರಿಕೊಳ್ಳುತ್ತದೆ, ತಡವಾದರೆ ಮೊದಲ ಸ್ವರವೇ ಹೋಗುತ್ತದೆ. ಈ ಕೆಲಸ ಅಕ್ಕನದು. ನನಗಿಂತ ಐದು ವರ್ಷ ದೊಡ್ಡವಳು. ಉದ್ಘೋಷಕರು ಹಾಡಿನ ಹೆಸರು ಹೇಳಿ, ಹಾಡಿದವರ ಹೆಸರು ಹೇಳಿ, ಕೊನೆಯ ಪದದ ಕೊನೆಯ ಅಕ್ಷರ ಮುಗಿಸುವ ಹೊತ್ತಿಗೆ ಅವಳ ಎರಡು ಬೆರಳೂ ಕೆಳಗಿಳಿದಿರುತ್ತಿದ್ದವು. ತಂತಿ ಹಾಕಿ ಜೋಡಿಸುವುದು ನಮಗೆ ಗೊತ್ತಿರಲಿಲ್ಲ. ಟೇಪ್ ರೆಕಾರ್ಡರಿನ ಮೈಯಲ್ಲಿದ್ದ ಪುಟ್ಟ ಮೈಕು ಹಾಡನ್ನೂ ಕೇಳುತ್ತಿತ್ತು, ಕೋಣೆಯನ್ನೂ ಕೇಳುತ್ತಿತ್ತು. ಹಾಗಾಗಿ ಹಾಡು ಮುಗಿಯುವವರೆಗೆ ನಾವಿಬ್ಬರೂ ಅಲುಗಾಡುವಂತಿರಲಿಲ್ಲ. ಮೂಗಿಗೆ ನೊಣ ಕೂತರೂ ಓಡಿಸುವಂತಿರಲಿಲ್ಲ.

60 ನಿಮಿಷದ ಕ್ಯಾಸೆಟ್ ಅಂದರೆ ಒಂದೊಂದು ಬದಿಗೆ 30 ನಿಮಿಷ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುತ್ತದೆ, ಅಂದರೆ ಒಂದು ಬದಿಯಲ್ಲಿ ಸುಮಾರು 86 ಮೀಟರ್ ಟೇಪು. ಐದು ನಿಮಿಷದ ಹಾಡಿಗೆ 14 ಮೀಟರ್ ಚಿಲ್ಲರೆ. ಹಾಡಿಗೆ ಉದ್ದವಿತ್ತು, ಅದು ಜಾಗ ಹಿಡಿಯುತ್ತಿತ್ತು. ಹೊಸ ಹಾಡು ಬೇಕೆಂದರೆ ಹಳೆಯದೊಂದರ ಮೇಲೆ ಬರೆಯಬೇಕು, ಹಳೆಯದು ಅಳಿಸಿಹೋಗುತ್ತದೆ. ಯಾವುದನ್ನು ಅಳಿಸುವುದು ಎಂದು ಅಕ್ಕ ಮತ್ತು ನಾನು ವಾರಗಟ್ಟಲೆ ಜಗಳವಾಡಿದ್ದಿದೆ. ಅಳಿಸಬಾರದೆಂದು ತೀರ್ಮಾನವಾದ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಅಕ್ಕ ಚಾಕುವಿನ ತುದಿಯಿಂದ ಮುರಿಯುತ್ತಿದ್ದಳು. ಆಮೇಲೆ ರೆಕಾರ್ಡ್ ಗುಂಡಿ ಒತ್ತಿದರೂ ಒಳಗೆ ಹೋಗುವುದಿಲ್ಲ.

ಆ ಹಾಡು ಬಂದದ್ದು ಒಂದು ಸಂಜೆ. ನಾವು ತಿಂಗಳುಗಟ್ಟಲೆ ಕಾದ ಹಾಡು. ಅಕ್ಕ ಮೊಣಕಾಲೂರಿ ಕೂತಿದ್ದಳು, ನಾನು ಅವಳ ಪಕ್ಕ ನೆಲಕ್ಕೆ ಗಲ್ಲ ಒತ್ತಿ ಮಲಗಿದ್ದೆ. ಮೊದಲ ಚರಣ ದಾಟಿತು, ಎರಡನೆಯದೂ ದಾಟಿತು. ಆಗ ಅಮ್ಮ ಕರೆದಳು. ನಾನು ಓಗೊಡಲು ಬಾಯಿ ತೆರೆದೆ, ಅಕ್ಕ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಹಾಡು ಮುಗಿದ ಮೇಲೆ ಅವಳ ಕಣ್ಣಲ್ಲಿ ನೀರು. ‘ಹಾಳಾಯ್ತು’ ಅಂದಳು. ಹಿಂದಕ್ಕೆ ಸುತ್ತಿ ಕೇಳಿದೆವು. ಅಮ್ಮನ ದನಿ ಹಾಡಿಗಿಂತ ಸ್ಪಷ್ಟವಾಗಿತ್ತು. ಮತ್ತೆ ರೇಡಿಯೋದಲ್ಲಿ ಆ ಹಾಡು ಬಂದಾಗ ಹೊಸದಾಗಿ ತುಂಬಿಸೋಣ ಅಂದುಕೊಂಡೆವು. ಬಂತೋ ಇಲ್ಲವೋ, ನಾವಂತೂ ಆಗ ಅದರ ಎದುರು ಕೂತಿರಲಿಲ್ಲ. ಕೊನೆಗೆ ಅಕ್ಕ ಆ ಕ್ಯಾಸೆಟ್ಟಿನ ಹಲ್ಲುಗಳನ್ನೂ ಮುರಿದಳು.

ಸೈನಿಕರು ಕೇಳಬಾರದಿದ್ದ ರಾಗ

ನನ್ನ ಪ್ರಶ್ನೆಗೆ ಒಪ್ಪುವಂಥ ಮಾತು ಸಿಕ್ಕಿದ್ದು ಬಹಳ ಹಿಂದಿನ ಒಂದು ಬರಹದಲ್ಲಿ. ಮನೆಯಿಂದ ದೂರವಾದವರನ್ನು ಹಿಂಡುವ ಹಂಬಲವನ್ನು ಕಾಯಿಲೆಯೆಂದು ಗುರುತಿಸಿ, 1688ರಲ್ಲಿ ಅದಕ್ಕೆ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟವನು ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ. ಆ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಯುವಕರು ಪರದೇಶದ ಸೈನ್ಯಗಳಲ್ಲಿ ಸಂಬಳಕ್ಕೆ ದುಡಿಯುತ್ತಿದ್ದರು. ಅವರ ಬೆಟ್ಟಗಳಲ್ಲಿ ದನಗಾಹಿಗಳು ನುಡಿಸುವ ಒಂದು ರಾಗವಿತ್ತು. ಅದನ್ನು ಕೇಳಿದರೆ ಈ ಸೈನಿಕರು ಕಣ್ಣೀರಿಡುತ್ತಿದ್ದರು, ಸೈನ್ಯ ಬಿಟ್ಟು ಓಡಿಹೋಗುತ್ತಿದ್ದರು, ಕೊರಗಿ ಸಾಯುತ್ತಲೂ ಇದ್ದರು. ಹಾಗಾಗಿ ಅವರ ನಡುವೆ ಅದನ್ನು ನುಡಿಸಿದವರಿಗೆ ಮರಣದಂಡನೆ ಎಂದು ಕಟ್ಟಪ್ಪಣೆಯಾಗಿತ್ತು ಎಂದು ತತ್ತ್ವಜ್ಞಾನಿ ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ. ಕಟ್ಟಪ್ಪಣೆಗಿಂತ ಅದರ ಮುಂದಿನ ಮಾತು ನನಗೆ ಮುಖ್ಯ. ಆ ಶಕ್ತಿಯನ್ನು ರಾಗದೊಳಗೆ ಹುಡುಕಿದರೆ ಸಿಗುವುದಿಲ್ಲ, ಹೊರಗಿನವರ ಮೇಲೆ ಅದು ಏನೂ ಮಾಡುವುದಿಲ್ಲ, ಅಲ್ಲಿ ಸಂಗೀತ ಕೆಲಸ ಮಾಡುವುದು ಸಂಗೀತವಾಗಿ ಅಲ್ಲ, ನೆನಪಿನ ಗುರುತಾಗಿ ಎನ್ನುತ್ತಾನೆ ಅವನು.

ಇದನ್ನು ಓದಿದಾಗ ನಾವು ಸಲೀಸಾಗಿ ಬಳಸುವ ‘ಬದುಕಿನ ಹಿನ್ನೆಲೆ ಸಂಗೀತ’ ಎಂಬ ಮಾತು ನನಗೆ ಯಾಕೆ ಸರಿಹೋಗುವುದಿಲ್ಲ ಎಂದು ಗೊತ್ತಾಯಿತು. ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಕೂರಿಸುವವರು ಸಾಮಾನ್ಯವಾಗಿ ಚಿತ್ರೀಕರಣವೆಲ್ಲ ಮುಗಿದ ಮೇಲೆ ಕೂರಿಸುತ್ತಾರೆ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ, ಯಾವ ನೋಟ ಕೊನೆಯದು ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಅದಕ್ಕೆ ತಕ್ಕ ಸ್ವರ ಹಿಡಿಯುತ್ತಾರೆ. ನಮಗೆ ಹಾಗಲ್ಲ. ಹಾಡು ಮೊದಲೇ ನಡೆಯುತ್ತಿರುತ್ತದೆ, ಆ ದಿನ ಎಂಥದ್ದೆಂದು ನಮಗೆ ತಿಳಿಯುವುದು ವರ್ಷಗಳ ಮೇಲೆ. ನನ್ನ ಮದುವೆ ನಿಶ್ಚಯವಾದ ದಿನಕ್ಕೆಂದು ನಾನೇ ಆರಿಸಿದ ಹಾಡುಗಳಿದ್ದವು. ಅವು ಈಗ ಏನನ್ನೂ ತರುವುದಿಲ್ಲ. ಅವತ್ತು ಪಕ್ಕದ ಮನೆಯಲ್ಲಿ ಯಾರೋ ಜೋರಾಗಿ ಹಾಕಿದ್ದ, ನನಗೆ ಇಷ್ಟವೇ ಇಲ್ಲದ ಒಂದು ಹಾಡು ಈಗಲೂ ಆ ಮಧ್ಯಾಹ್ನವನ್ನು ಇದ್ದಕ್ಕಿದ್ದಂತೆ ಮುಂದೆ ತಂದು ನಿಲ್ಲಿಸುತ್ತದೆ. ಅಪ್ಪ ಕನ್ನಡಕ ಒರೆಸಿಕೊಳ್ಳುತ್ತಿದ್ದ ಬಗೆ ಸಮೇತ.

ಎಡಗಿವಿ, ಬಲಗಿವಿ

ಅಕ್ಕ ಕೆಲಸಕ್ಕೆ ಸೇರಿದ ವರ್ಷ ಒಂದು ವಾಕ್‌ಮನ್ ತಂದಳು. 1979ರಲ್ಲಿ ಸೋನಿ ಹೊರತಂದ ಮೊದಲ ವಾಕ್‌ಮನ್ನಿನಲ್ಲಿ ಇಬ್ಬರು ಒಟ್ಟಿಗೆ ಕೇಳಲೆಂದು ಎರಡು ಹೆಡ್‌ಫೋನ್ ಸಿಕ್ಕಿಸುವ ಜಾಗ ಇತ್ತಂತೆ. ಅಕ್ಕ ತಂದದ್ದು ಬಹಳ ಆಮೇಲಿನದು, ಒಂದೇ ಇಯರ್‌ಫೋನಿನದು. ರಾತ್ರಿ ದೀಪ ಆರಿಸಿದ ಮೇಲೆ ಇಬ್ಬರೂ ಪಕ್ಕಪಕ್ಕ ಮಲಗಿ, ಒಂದು ಕಡೆಯದು ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಯಾವಾಗಲೂ ನನಗೆ ಎಡಗಡೆಯದೇ. ಒಬ್ಬರು ಮಗ್ಗುಲಾದರೆ ಇನ್ನೊಬ್ಬರ ಕಿವಿಯಿಂದ ಕಳಚಿಬರುತ್ತಿತ್ತು. ಒಂದು ಕ್ಯಾಸೆಟ್ಟನ್ನು ನಾವು ಆ ಬೇಸಿಗೆ ಪೂರ್ತಿ ಕೇಳಿದೆವು, ಟೇಪು ಸವೆದು ಮೇಲಿನ ಸ್ವರಗಳೆಲ್ಲ ಮಂಕಾಗುವವರೆಗೆ.

ವರ್ಷಗಳ ಮೇಲೆ ಅದೇ ಕ್ಯಾಸೆಟ್ಟಿನ ಹಾಡೊಂದನ್ನು ಎರಡು ಕಿವಿಗೂ ಹಾಕಿಕೊಂಡು ಕೇಳಿದಾಗ ನಾನು ಬೆರಗಾದೆ. ಅದರಲ್ಲೊಂದು ಕೊಳಲಿತ್ತು. ಪಲ್ಲವಿಯ ಉದ್ದಕ್ಕೂ ಗಾಯಕಿಯ ಹಿಂದೆಯೇ ಓಡಾಡುವ ಕೊಳಲು. ಸ್ಟೀರಿಯೋ ಧ್ವನಿಮುದ್ರಣದಲ್ಲಿ ಕೆಲವು ವಾದ್ಯಗಳನ್ನು ಪೂರಾ ಒಂದೇ ಬದಿಗೆ ಸರಿಸಿಬಿಡುತ್ತಿದ್ದರು. ಕೊಳಲು ಬಲಗಡೆ ಇತ್ತು. ಆ ಬೇಸಿಗೆಯೆಲ್ಲ ಕೊಳಲು ಅಕ್ಕನ ಪಾಲಿಗೆ ಹೋಗಿತ್ತು, ತಬಲಾ ನನ್ನ ಪಾಲಿಗೆ ಬಂದಿತ್ತು. ಫೋನ್ ಮಾಡಿ ಕೇಳಿದೆ. ‘ಆ ಹಾಡಲ್ಲಿ ಕೊಳಲೇ ಜೀವ ಕಣೋ, ನಿನಗೆ ನೆನಪಿಲ್ವಾ?’ ಅಂದಳು. ತಬಲಾದ ನಡೆ ಅವಳಿಗೆ ನೆನಪಿರಲಿಲ್ಲ. ಒಂದೇ ಚಾಪೆ, ಒಂದೇ ಕತ್ತಲೆ, ಒಂದೇ ಕ್ಯಾಸೆಟ್ಟು. ಆದರೂ ನಮ್ಮಿಬ್ಬರಲ್ಲಿ ಉಳಿದದ್ದು ಎರಡು ಹಾಡು. ಆಗ ನನಗೆ ಸಂತೋಷವಾಗಿತ್ತು, ಸ್ವಲ್ಪ ಕಸಿವಿಸಿಯೂ ಆಗಿತ್ತು. ಅಷ್ಟು ಹತ್ತಿರ ಮಲಗಿದ್ದವಳು ಏನು ಕೇಳುತ್ತಿದ್ದಾಳೆಂದು ನನಗೆ ಗೊತ್ತಿರಲಿಲ್ಲವಲ್ಲ.

ಹತ್ತರಿಂದ ಮೂವತ್ತು

ಮಧ್ಯವಯಸ್ಸು ದಾಟಿದವರನ್ನು ಬದುಕಿನ ನೆನಪುಗಳ ಬಗ್ಗೆ ಕೇಳಿದರೆ ಹೆಚ್ಚಿನವು 10ರಿಂದ 30ರ ನಡುವಿನ ವಯಸ್ಸಿನವೇ ಇರುತ್ತವೆ ಎಂಬುದು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿರುವ ಸಂಗತಿ. ಮೊದಲ ಸಲದ ಅನುಭವಗಳೆಲ್ಲ ಆ ವಯಸ್ಸಿನಲ್ಲೇ ಒತ್ತೊತ್ತಾಗಿ ಬರುತ್ತವೆ. ನಾನು ಯಾರು ಎಂದು ತೀರ್ಮಾನಿಸಿಕೊಳ್ಳುವ ಹೊತ್ತೂ ಅದೇ. ಆಗಿನ ಹಾಡುಗಳು ಗಟ್ಟಿಯಾಗಿ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಎಲ್ಲವೂ ನಿಲ್ಲುವುದಿಲ್ಲ. 2007ರಲ್ಲಿ ಪೆಟ್ರ್ ಜನಾಟ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಅವರು 7ರಿಂದ 19 ವರ್ಷದವರಿದ್ದಾಗಿನ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿದರು. ಸರಾಸರಿ ನೂರಕ್ಕೆ 30ರಷ್ಟು ತುಣುಕುಗಳು ಮಾತ್ರ ಸ್ವಂತ ಬದುಕಿನ ನೆನಪೊಂದನ್ನು ಎಬ್ಬಿಸಿದವು. ಉಳಿದವು ಬಂದು ಹೋದವು. ಯಾವ ಮೂವತ್ತು ಉಳಿಯಬೇಕೆಂದು ನಮ್ಮನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಅಧ್ಯಯನ ನನಗೆ ಇನ್ನೂ ಹತ್ತಿರದ್ದು. 2013ರಲ್ಲಿ ಕ್ಯಾರೊಲ್ ಕ್ರಮ್‌ಹಾನ್ಸಲ್ ಅವರು ಇಪ್ಪತ್ತರ ಆಸುಪಾಸಿನವರಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿ, ಯಾವ ಕಾಲದವು ಅವರ ನೆನಪಿಗೆ ತಟ್ಟುತ್ತವೆ ಎಂದು ನೋಡಿದರು. ಅವರ ಸ್ವಂತ ಹರೆಯದ ಹಾಡುಗಳು ತಟ್ಟುವುದು ಸಹಜ. ಅದರ ಜೊತೆಗೆ, ಅವರು ಹುಟ್ಟುವ ಮುಂಚಿನ, ಅವರ ಅಪ್ಪ ಅಮ್ಮ ಯುವಕರಾಗಿದ್ದಾಗಿನ ಹಾಡುಗಳೂ ಎದ್ದು ಕಂಡವು. ಓದುತ್ತಿದ್ದಂತೆ ಅಮ್ಮ ಕೆಲಸ ಮಾಡುತ್ತ ಗುನುಗುತ್ತಿದ್ದ ರಾಗಗಳು ಕಿವಿಗೆ ಬಂದವು. ಅವಳು ಎಂದೂ ಪೂರ್ತಿ ಹಾಡಿದವಳಲ್ಲ. ಪಲ್ಲವಿಯ ಒಂದೂವರೆ ಸಾಲು, ಅಷ್ಟೇ. ಅವಳ ಮದುವೆಗೆ ಮುಂಚಿನ ಯಾವ ಕೋಣೆ, ಯಾವ ಗೆಳತಿ ಆ ಒಂದೂವರೆ ಸಾಲಿನಲ್ಲಿದ್ದರೋ ನಾನು ಕೇಳಲಿಲ್ಲ. ಕೇಳಬಹುದಾಗಿದ್ದ ವರ್ಷಗಳಲ್ಲೆಲ್ಲ ನನ್ನ ಕಿವಿಯಲ್ಲಿ ನನ್ನದೇ ಇಯರ್‌ಫೋನ್ ಇತ್ತು.

ಮೂವತ್ತು ದಾಟಿದ ಮೇಲಿನ ನನ್ನ ಹಾಡುಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕೇಳಿದ್ದು ಕಡಿಮೆಯೇನಲ್ಲ, ಮೊದಲಿಗಿಂತ ಹತ್ತು ಪಟ್ಟು ಕೇಳಿದ್ದೇನೆ. ಆದರೆ ಒಂದಾದ ಮೇಲೊಂದು ತಾನಾಗಿ ಬರುವ ಹಾಡಿಗೆ ಕಾಯುವ ಕೆಲಸ ಇರಲಿಲ್ಲ, ಅಳಿಸಿಹೋದೀತೆಂಬ ಹೆದರಿಕೆಯೂ ಇರಲಿಲ್ಲ. ಒಂದನ್ನು ಮಾತ್ರ ಕೈಯಾರೆ ಕೆಡಿಸಿಕೊಂಡೆ. ಬಹಳ ಇಷ್ಟದ ಹಾಡೆಂದು ಅದನ್ನು ಬೆಳಗಿನ ಅಲಾರಮ್ಮಿಗೆ ಇಟ್ಟೆ. ಒಂದು ವರ್ಷ ಅದು ನನ್ನನ್ನು ಎಬ್ಬಿಸಿತು. ಈಗ ಎಲ್ಲಿಯಾದರೂ ಅದರ ಮೊದಲ ಸ್ವರ ಕೇಳಿದರೆ ಎದೆ ಹಾರುತ್ತದೆ. ಆ ಹಾಡಿನಲ್ಲಿ ಮೊದಲು ಏನೇನಿತ್ತೋ ಎಲ್ಲದರ ಮೇಲೂ ಆ ಬೆಳಗುಗಳು ಬರೆದುಕೊಂಡಿವೆ.

ಅಮ್ಮ ಹೋದ ವರ್ಷ ನಾನು ಏನನ್ನೂ ಕೇಳಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಯಾವ ಹಾಡು ಹಾಕಿದರೂ ಆ ದಿನಗಳನ್ನು ಅದು ಹೀರಿಕೊಂಡುಬಿಡುತ್ತದೆ, ಮುಂದೆ ಎಂದೋ ಯಾವುದೋ ಬಸ್ಸಿನಲ್ಲಿ ಅದು ಮತ್ತೆ ಬರುತ್ತದೆ ಎಂಬ ಭಯ. ಯಾವ ಹಾಡಿಗೂ ಆ ಭಾರ ಹೊರಿಸುವ ಮನಸ್ಸಾಗಲಿಲ್ಲ. ಆ ವರ್ಷವೆಂದರೆ ಈಗ ನನಗೆ ಕೇಳಿಸುವುದು ಫ್ಯಾನಿನ ಸದ್ದು ಒಂದೇ.

ಹದಿನಾಲ್ಕು ಮೀಟರ್

ಬಟ್ಟೆ ಮಡಚುತ್ತಿದ್ದ ಆ ರಾತ್ರಿಯ ಮರುವಾರ ಅಟ್ಟದ ಮೇಲಿದ್ದ ಪೆಟ್ಟಿಗೆ ಇಳಿಸಿ ಕ್ಯಾಸೆಟ್ಟನ್ನು ಹುಡುಕಿದೆ. ಸಿಕ್ಕಿತು. ಮೇಲೆ ಅಕ್ಕನ ದುಂಡು ಅಕ್ಷರ. ಬೆನ್ನಿನ ಎರಡು ಹಲ್ಲೂ ಮುರಿದಿದ್ದವು. ಟೇಪಿನಿಂದ ಸದ್ದನ್ನು ಓದುವ ಹೆಡ್ಡಿಗೆ ಟೇಪನ್ನು ಒತ್ತಿ ಹಿಡಿಯುವ ಪುಟ್ಟ ಬಟ್ಟೆಯ ತುಣುಕು ಮಾತ್ರ ಅಂಟು ಬಿಟ್ಟು ಒಳಗೆ ಬಿದ್ದಿತ್ತು. ಇನ್ನೊಂದು ಹಳೆಯ ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಅದರ ಸುರುಳಿ ತೆಗೆದು, ಉಸಿರು ಬಿಗಿಹಿಡಿದು ನಮ್ಮ ಸುರುಳಿಯನ್ನು ಅದರೊಳಗೆ ಕೂರಿಸಿದೆ. ಗೆಳೆಯನೊಬ್ಬ ಇನ್ನೂ ಟೇಪ್ ರೆಕಾರ್ಡರ್ ಇಟ್ಟುಕೊಂಡಿದ್ದ, ತಂದುಕೊಟ್ಟ. ಹಳೆಯ ಟೇಪು, ಮತ್ತೊಮ್ಮೆ ಓಡುತ್ತದೋ ಇಲ್ಲವೋ. ಮೊದಲ ಸಲಕ್ಕೇ ಉಳಿಸಿಕೊಳ್ಳಬೇಕೆಂದು ಸ್ಪೀಕರಿನ ಎದುರು ಫೋನ್ ಇಟ್ಟು ರೆಕಾರ್ಡ್ ಒತ್ತಿದೆ. ಅಲುಗಾಡದೆ ಕೂತೆ.

ಹಾಡು ಶುರುವಾಗುವ ಒಂದೆರಡು ಸೆಕೆಂಡು ಮುಂಚೆ, ಆ ಮೌನದಲ್ಲೇ, ಅದರ ಮೊದಲ ಸ್ವರ ಬಹಳ ಸಣ್ಣಗೆ ಕೇಳಿಸಿತು. ಬೇರೆ ಯಾವುದೋ ಮನೆಯಲ್ಲಿ ಹಾಡು ಹಾಕಿದಂತೆ. ಚಿಕ್ಕವನಿದ್ದಾಗ ಇದನ್ನು ಭೂತ ಅಂದುಕೊಂಡಿದ್ದೆ. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತಶಕ್ತಿ ಅದಕ್ಕೆ ತಾಗಿದ ಪಕ್ಕದ ಸುತ್ತಿಗೂ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಬರಬೇಕಾದ್ದರ ನೆರಳು ಮೊದಲೇ ಕೇಳುತ್ತದೆ ಎಂದು ತಿಳಿದದ್ದು ದೊಡ್ಡವನಾದ ಮೇಲೆ. ಆಮೇಲೆ ಪಿಟೀಲು ಬಂತು. ಗೊರಗೊರ ಸದ್ದಿನ ಹಿಂದೆ ಗಾಯಕಿಯ ದನಿ ಬಂತು. ಮೊದಲ ಚರಣ. ಅದರ ಮೂರನೆಯ ಸಾಲಿನಲ್ಲೇ, ಎರಡನೆಯ ಚರಣ ಇನ್ನೂ ಬಹಳ ದೂರವಿರುವಾಗ, ಅಮ್ಮ ಕರೆದಳು.

‘ಪುಟ್ಟೀ...’

ನಾನು ಪುಟ್ಟ. ಪುಟ್ಟಿ ಅಕ್ಕ. ಇಷ್ಟು ವರ್ಷ ಮನಸ್ಸಿನಲ್ಲಿ ಎಷ್ಟು ಸಲ ಈ ಕೂಗು ಕೇಳಿಸಿಕೊಂಡಿದ್ದೇನೆ! ಪ್ರತಿ ಸಲವೂ ಅದು ನನ್ನನ್ನೇ ಕರೆದಿತ್ತು. 2000ದಲ್ಲಿ ನರವಿಜ್ಞಾನಿ ಕರೀಮ್ ನಾದರ್ ಮತ್ತು ಸಂಗಡಿಗರು ಇಲಿಗಳಲ್ಲಿ ಒಂದು ಸಂಗತಿಯನ್ನು ತೋರಿಸಿದ್ದರು. ನೆಲೆನಿಂತ ಭಯದ ನೆನಪೂ, ಅದನ್ನು ಮತ್ತೆ ಕೆದಕಿದಾಗ, ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ಮಿದುಳು ಅದನ್ನು ಹೊಸದಾಗಿ ಕೂಡಿಡಬೇಕಾಗುತ್ತದೆ. ಆ ಹೊತ್ತಿನಲ್ಲಿ ಅಡ್ಡಿಪಡಿಸಿದರೆ ನೆನಪೇ ಕಳೆದುಹೋಗಬಹುದು. ಇಲಿಯ ಭಯಕ್ಕೂ ನನ್ನ ಹಾಡಿಗೂ ನೇರ ಗಂಟು ಹಾಕುವುದು ಸರಿಯಲ್ಲ ಎಂದು ಗೊತ್ತು. ಆದರೂ ಒಂದಂತೂ ನಿಜ. ಹಲ್ಲು ಮುರಿದ ಕ್ಯಾಸೆಟ್ಟು ಅಟ್ಟದಲ್ಲಿ ಇದ್ದಂತೆಯೇ ಇತ್ತು. ನನ್ನೊಳಗಿನದಕ್ಕೆ ಅಂಥ ಕಾವಲಿರಲಿಲ್ಲ. ಅಮ್ಮ ಬೇಕೆನಿಸಿದಾಗಲೆಲ್ಲ ನಾನು ಅದನ್ನು ತೆಗೆದು ಕೇಳಿ, ಒಂದಿಷ್ಟು ತಿದ್ದಿ, ಮತ್ತೆ ಇಟ್ಟಿದ್ದೆ.

ರೆಕಾರ್ಡ್ ಮಾಡಿದ್ದನ್ನು ಅಕ್ಕನಿಗೆ ಕಳಿಸಿದೆ. ಒಂದು ಗಂಟೆ ಉತ್ತರವಿಲ್ಲ. ಆಮೇಲೆ ಅವಳೇ ಫೋನ್ ಮಾಡಿದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

‘ಅವತ್ತು ನೀನು ನನ್ನ ಬಾಯಿ ಮುಚ್ಚಿದ್ದೆಯಲ್ಲಾ ಅಕ್ಕಾ’ ಅಂದೆ.

‘ನಿನ್ನದಲ್ಲ ಕಣೋ. ನನ್ನ ಬಾಯಿ ನಾನೇ ಮುಚ್ಕೊಂಡಿದ್ದೆ. ಓಗೊಟ್ಟರೆ ಹಾಡು ಹಾಳಾಗುತ್ತೆ ಅಂತ ಸುಮ್ಮನೆ ಕೂತ್ಬಿಟ್ಟೆ. ಅಮ್ಮ ಒಂದೇ ಸಲ ಕರೆದು ಸುಮ್ಮನಾದಳು, ನೋಡು.’

ಮತ್ತೆ ಮೌನ. ಅವಳ ಕಡೆಯಿಂದ ಹಾಡು ಸಣ್ಣಗೆ ಕೇಳುತ್ತಿತ್ತು. ಇನ್ನೊಮ್ಮೆ ಹಾಕಿಕೊಂಡಿದ್ದಳು.

‘ಅಮ್ಮ ಕರೆದ ಮೇಲೆ ಯಾರೋ ಗಂಡಸರು ಅಕ್ಕಾ ಅಂತಾರಲ್ಲೋ, ಅದು ಯಾರು? ಆಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಲ್ಲ.’

‘ನಾನು’ ಅಂದೆ. ‘ಮೊನ್ನೆ.’